ಎಷ್ಟು ಗಂಟೆಗೆ?

ಲೋಕದಲ್ಲಿ "ಊಟ ಆಯ್ತಾ?" ಎಂದು ಕೇಳುವವರು ಕೋಟಿ ಜನ, ನಿಂತು ಉತ್ತರ ಕೇಳಿಸಿಕೊಳ್ಳುವವರು ಒಬ್ಬರೇ, ಅವರು ನರ್ಸಿಂಗ್ ಕಾಲೇಜಿನ ಮೇಡಂ. "ಆಯ್ತು" ಎಂದವರ ದಾರಿಗೆ ಅಡ್ಡ ನಿಂತು, ಎದೆಗೆ ತಲೆಕೆಳಗಾಗಿ ಸಿಕ್ಕಿಸಿಕೊಂಡ ಗಡಿಯಾರವನ್ನು ಬೆರಳಿನಿಂದ ಎತ್ತಿ ನೋಡಿ, "ಎಷ್ಟು ಗಂಟೆಗೆ?" ಎಂದು ಎರಡನೆಯ ಬಾಣ ಬಿಡುತ್ತಿದ್ದರು. ಈ ಬಾಣಕ್ಕೆ ಹೆದರಿ ಎಂಟೆದೆಯ ಸರ್ಜನ್ನರು ಹಿಂದಿನ ಮೆಟ್ಟಿಲು ಹಿಡಿದು ಪಲಾಯನ ಮಾಡುತ್ತಿದ್ದರೆಂದೂ, ಆಪರೇಷನ್ ಮುಗಿದು ಎಚ್ಚರಗೊಂಡ ರೋಗಿಯೊಬ್ಬ ಕಣ್ಣು ಬಿಡುವ ಮೊದಲೇ "ಒಂದೂವರೆಗೆ, ಮೇಡಂ" ಎಂದನೆಂದೂ ಪ್ರತೀತಿ.

ಹದಿನಾರು ವರ್ಷ ವಾರ್ಡಿನಲ್ಲಿ ದುಡಿದು ಪಾಠಕ್ಕೆ ಬಂದವರು. ಕೋಟು ಬದಲಾಯಿತೇ ಹೊರತು ನಡಿಗೆ ಬದಲಾಗಲಿಲ್ಲ: ಬಸ್ಸುಗಳು ಅರಚುವ ರಸ್ತೆಯಲ್ಲೂ, ಯಾರೋ ಈಗಷ್ಟೇ ನಿದ್ದೆ ಹೋಗಿದ್ದಾರೆಂಬಂತೆ ಹೆಜ್ಜೆ ಇಡುವರು. ದಾದಿಯರ ಮನಸ್ಸಿನ ನೆಮ್ಮದಿಯನ್ನು ಅಳೆಯುತ್ತೇನೆಂದು ಆರು ವರ್ಷ ತಪಸ್ಸು ಮಾಡಿ, ಅರವತ್ತು ಪ್ರಶ್ನೆಗಳ ಐದು ಪುಟದ ಫಾರಂ ಒಂದನ್ನು ಸೃಷ್ಟಿಸಿದರು. ಆಸ್ಪತ್ರೆಯ ಮೂರನೆಯ ಮಹಡಿಯ ಮೂವತ್ತಾರು ನರ್ಸುಗಳಿಂದ ಅದು ತುಂಬಿ ಬಂದಾಗ ಲೆಕ್ಕ ಹಾಕಿದವರು ಸಂಖ್ಯಾಶಾಸ್ತ್ರದ ಮೇಷ್ಟ್ರು. ನೆಮ್ಮದಿ ಐದಕ್ಕೆ ನಾಲ್ಕೂಮುಕ್ಕಾಲು.

"ಸ್ವರ್ಗದಲ್ಲಿ ಅಳೆದಿದ್ರೂ ಇಷ್ಟು ಬರ್ತಿರ್ಲಿಲ್ಲ ಮೇಡಂ," ಎಂದು ಮೇಷ್ಟ್ರು ಬೀಗಿದರು. ಆ ಅಂಕಿಯ ಬಲದಿಂದ ಮೇಡಂಗೆ ಪ್ರೊಫೆಸರ್ ಹುದ್ದೆ ಬರುವುದಿತ್ತು. ಅದೇ ಅಂಕಿ ನೋಡಿ ಆಸ್ಪತ್ರೆಯ ನಿರ್ದೇಶಕರಿಗೂ ಜ್ಞಾನೋದಯವಾಯಿತು: "ಇಷ್ಟು ಸುಖವಾಗಿದ್ದಾರಲ್ಲ, ಮಧ್ಯಾಹ್ನದ ಪಾಳಿಗೆ ವಾರ್ಡಿಗೆ ಮೂವರು ಯಾಕೆ? ಇಬ್ಬರು ಸಾಕು."

ಅಂದೇ ಮೆಟ್ಟಿಲ ಮೇಲೆ ಸಿಕ್ಕ ಆ ಮಹಡಿಯ ನರ್ಸಿಗೆ ಬಾಣ ತಾಗಿತು. "ನಾಲ್ಕೂವರೆಗೆ, ಮೇಡಂ," ಎಂದಳು ಆಕೆ.

"ಹೊತ್ತಿಗೆ ಸರಿಯಾಗಿ ಊಟ ಆಗತ್ತೆ ಅಂತ ಫಾರಂನಲ್ಲಿ ಬರೆದಿದ್ದೀಯಲ್ಲಮ್ಮ?"

"ಯಾವ ಫಾರಂ?"

ಮೇಡಂ ಮೇಲೆ ಹೋಗಿ ಮೂವತ್ತಾರು ಫಾರಂಗಳನ್ನೂ ಮೇಜಿನ ಮೇಲೆ ಹರಡಿದರು. ಟಿಕ್ ಗುರುತಿನ ಬಾಲಗಳೆಲ್ಲ, ಒಂದೇ ಕೈ ಹಾಕಿದಂತೆ, ಒಂದೇ ಕಡೆಗೆ ಡೊಂಕಾಗಿದ್ದವು. ಎಲ್ಲರೂ ದೊಡ್ಡಕ್ಕ ಎನ್ನುವ ಹೆಡ್ ನರ್ಸ್ ಒಂದಿಷ್ಟೂ ಅಳುಕದೆ ಒಪ್ಪಿಕೊಂಡರು: "ಹುಡುಗೀರಿಗೆ ಬಿಡುವೆಲ್ಲಿದೆ ಮೇಡಂ? ನಾನೇ ತುಂಬಿಸಿಬಿಟ್ಟೆ. ನಮ್ಮ ಮಹಡಿ ಮರ್ಯಾದೆ ಪ್ರಶ್ನೆ, ಸ್ವಲ್ಪ ಧಾರಾಳವಾಗೇ ಹಾಕ್ದೆ."

ಬಿಡುವಿದೆಯೇ ಎಂಬ ಪ್ರಶ್ನೆಗೆ ಉತ್ತರ ಬರೆಯಲೇ ಬಿಡುವಿಲ್ಲದವರ ಮಹಡಿ ಅದು. ಮೇಡಂ ದೊಡ್ಡಕ್ಕನನ್ನು ಬೈಯಲಿಲ್ಲ. ಹತ್ತು ದಿನ ಊಟದ ಕೋಣೆಯ ಬಾಗಿಲಲ್ಲಿ ದ್ವಾರಪಾಲಕರಂತೆ ನಿಂತು, ಪ್ರತಿಯೊಬ್ಬರಿಗೂ ಅದೇ ಒಂದು ಪ್ರಶ್ನೆ ಹಾಕಿ, ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡರು.

ಪಾಳಿಯ ತೀರ್ಮಾನಕ್ಕೆ ನಿರ್ದೇಶಕರು ಕರೆದ ಸಭೆಯಲ್ಲಿ ಮೇಡಂ ಎದ್ದು ನಿಂತಾಗ ಮೇಷ್ಟ್ರು ಅವರ ಕೋಟಿನ ತೋಳು ಹಿಡಿದು ಜಗ್ಗಿದರು. "ಕೂತ್ಕೊಳ್ಳಿ ಮೇಡಂ, ಪ್ರೊಫೆಸರ್ ಆದ್ಮೇಲೆ ಹೇಳಿದ್ರಾಯ್ತು." ಮೇಡಂ ತೋಳು ಬಿಡಿಸಿಕೊಂಡರು.

"ನನ್ನ ವರದಿ ಸುಳ್ಳು ಸಾರ್. ಫಾರಂ ಹಂಚಿದೋಳು ನಾನು. ತುಂಬಿದ್ದು ಯಾರು ಅಂತ ನೋಡ್ಲಿಲ್ಲ, ತಪ್ಪು ನಂದೇ. ನಿಜ ಇಲ್ಲಿದೆ."

ನಿರ್ದೇಶಕರು ಹಾಳೆಯ ಮೇಲೆ ಕಣ್ಣಾಡಿಸಿದರು. ಮೂರೂವರೆ. ನಾಲ್ಕು ಹತ್ತು. ಐದು. ಊಟವಿಲ್ಲ. ನಾಲ್ಕೂಮುಕ್ಕಾಲು. ಊಟವಿಲ್ಲ. ಆಗಷ್ಟೇ ಹೊಟ್ಟೆ ತುಂಬಿಸಿಕೊಂಡು ಬಂದಿದ್ದವರು ಕೆಮ್ಮಿ, "ಮೂವರೇ ಇರಲಿ ಬಿಡಿ," ಎಂದರು. ಪ್ರೊಫೆಸರ್ ಹುದ್ದೆಯ ಕಡತ, ಬಂದ ದಾರಿಗೆ ಸುಂಕವಿಲ್ಲವೆಂದು, ಬೀರುವಿಗೆ ಹಿಂದಿರುಗಿತು.

ಮೇಡಂ ಹಿಂದೆಯೇ ಹೊರಗೆ ಬಂದ ಮೇಷ್ಟ್ರಿಗೆ ಅಳುವೂ ನಗೆಯೂ ಒಟ್ಟಿಗೆ ಬಂದವು. ಆರು ವರ್ಷದ ಬೆಳೆಯನ್ನು ತಾವೇ ಕೊಯ್ದು ಒಲೆಗಿಟ್ಟು, ಅದೂ ಉರಿಯುವುದಕ್ಕಾದರೂ ಬಂತಲ್ಲ ಎಂದು ಹಗುರಾಗಿ ನಡೆಯುವ ಜನ ಎಲ್ಲ ಊರಲ್ಲೂ ಒಬ್ಬಿಬ್ಬರು ಇರುತ್ತಾರೆ. ಅವರ ಬಳಿ ಲೋಕದ ಹಸಿವಿಗೆಲ್ಲ ಗಡಿಯಾರ ಇರುತ್ತದೆ. ಅದರ ಮುಖ ಮಾತ್ರ ಎಂದೂ ತಮ್ಮ ಕಡೆಗಿರುವುದಿಲ್ಲವೇನೋ ಎಂದು ಮೇಷ್ಟ್ರಿಗೆ ತೋರಿತು. ಪರೀಕ್ಷಿಸಿಯೇ ಬಿಡೋಣವೆಂದು, "ಮೇಡಂ, ಊಟ ಆಯ್ತಾ?" ಎಂದರು.

"ಆಯ್ತು."

"ಎಷ್ಟು ಗಂಟೆಗೆ?"

ಮೇಡಂ ಅಭ್ಯಾಸಬಲದಿಂದ ಗಡಿಯಾರ ಎತ್ತಿ ನೋಡಿದರು.

"ನಿನ್ನೆ ಎಂಟಕ್ಕೆ."