ಓದಿ ನೋಡಲಾಗಿದೆ

ನಾನು ಒಂದು ರಬ್ಬರ್ ಮೊಹರು. ಕೋರ್ಟಿನ ಎದುರಿನ ಗೂಡಂಗಡಿಯಲ್ಲಿ ಹುಟ್ಟಿದೆ. ನನ್ನ ಜೊತೆ ತಯಾರಾದವರಲ್ಲಿ ಒಬ್ಬ ಶಾಲೆಗೆ ಹೋದ, ಇನ್ನೊಬ್ಬ ಹಾಲಿನ ಸೊಸೈಟಿಗೆ. ನನ್ನ ಪಾಲಿಗೆ ಬಂದದ್ದು ಜೈಲು. ಯಾವ ಅಪರಾಧವನ್ನೂ ಮಾಡದೆ ಜೀವಾವಧಿ! ನನ್ನ ಮುಖದ ಮೇಲಿರುವುದು ಎರಡೇ ಮಾತು: 'ಓದಿ ನೋಡಲಾಗಿದೆ'. ಒಳಗೆ ಬರುವ, ಹೊರಗೆ ಹೋಗುವ ಪ್ರತಿಯೊಂದು ಪತ್ರದ ನೆತ್ತಿಯ ಮೇಲೂ ನಾನು ಬೀಳಬೇಕು. ನನ್ನ ಗುರುತು ಊರೂರು ತಿರುಗುತ್ತದೆ. ನಾನು ಮಾತ್ರ ಆ ಮೇಜು ಬಿಟ್ಟು ಕದಲಲಿಲ್ಲ. ಹೊರಗೆ ಹೋಗುವ ಲಕೋಟೆಗಳನ್ನು ಕಂಡರೆ ನನಗೆ ಹೊಟ್ಟೆಯುರಿಯುತ್ತಿತ್ತು.

ನನ್ನನ್ನು ಹಿಡಿದವರಲ್ಲಿ ಮೊದಲನೆಯವನು ಓದದೆಯೇ ಒತ್ತುತ್ತಿದ್ದ. ಎರಡನೆಯವನು ಗಂಡಹೆಂಡಿರ ಪತ್ರಗಳನ್ನು ಮಾತ್ರ ಓದುತ್ತಿದ್ದ. ಮೂರನೆಯವರು ಹೆಡ್ ವಾರ್ಡರ್ ಶಿವಪುತ್ರಪ್ಪ. ಕೆಳಗಿನಿಂದ ನನಗೆ ಕಾಣುತ್ತಿದ್ದದ್ದು ಅವರ ಮೀಸೆ ಮತ್ತು ಅಲ್ಲಾಡುವ ತುಟಿಗಳು. ಪ್ರತಿ ಅಕ್ಷರವನ್ನೂ ಬಾಯಿಬಿಟ್ಟು ಓದುವವರು. ನನಗೆ ಅಷ್ಟಿಷ್ಟು ಲೋಕಜ್ಞಾನ ಬಂದಿದ್ದರೆ ಅದು ಅವರಿಂದಲೇ.

ಕೈದಿ ದ್ಯಾಮಣ್ಣನಿಗೆ ಮನೆಯಿಂದ ಪತ್ರ ಬರುತ್ತಿರಲಿಲ್ಲ. ಮನೆಯವರು ಅವನ ಹೆಸರೆತ್ತುವುದನ್ನೇ ಬಿಟ್ಟಿದ್ದರು. ಅವನಿಗೆ ಬರುತ್ತಿದ್ದದ್ದು ಕ್ರೈಸ್ತ ಸಂಸ್ಥೆಯೊಂದರ ಅಂಚೆ ಪಾಠ ಮಾತ್ರ. ದೇವರ ವಾಕ್ಯದಿಂದ ಒಂದು ಕಥೆ, ಕೊನೆಯಲ್ಲಿ ಪ್ರಶ್ನೆಗಳು, ಉತ್ತರಕ್ಕೆ ಖಾಲಿ ಗೆರೆಗಳು. ಬರೆದು ಕಳಿಸಿದರೆ ಬೆಟಗೇರಿಯ ನಿವೃತ್ತ ಶಿಕ್ಷಕಿ ಕರುಣಾಬಾಯಿ ಕೆಂಪು ಶಾಯಿಯಲ್ಲಿ ತಿದ್ದಿ, ಮುಂದಿನ ಪಾಠದ ಜೊತೆ ನಾಲ್ಕು ಸಾಲು ಬರೆಯುವರು. ಅಕ್ಷರ ದುಂಡಗಾಗಿದೆ ಎನ್ನುವರು, ಕೆಮ್ಮು ಹೇಗಿದೆ ಎಂದು ವಿಚಾರಿಸುವರು. ಆ ಪಾಠಗಳಿಗೊಂದು ಕಟ್ಟುಪಾಡಿತ್ತು: ಕೈದಿ ಏನು ಮಾಡಿ ಒಳಗೆ ಬಂದನೆಂದು ಶಿಕ್ಷಕರು ಕೇಳಬಾರದು. ಕರುಣಾಬಾಯಿ ಕೇಳಿರಲಿಲ್ಲ.

ಒಮ್ಮೆ ಹೊಲದಲ್ಲಿ ತಮ್ಮನನ್ನು ಕೊಂದ ಅಣ್ಣನ ಕಥೆ ಬಂತು. ಪ್ರಶ್ನೆ: ಅಣ್ಣನು ತಮ್ಮನನ್ನು ಏಕೆ ಕೊಂದನು? ದ್ಯಾಮಣ್ಣ ಆ ಹಾಳೆಯನ್ನು ಬಹಳ ದಿನ ಇಟ್ಟುಕೊಂಡ. ಕೊನೆಗೆ ಬರೆದ: 'ಕೊಲ್ಲಬೇಕಂತ ಇರಲಿಲ್ಲ. ಕೈಯಾಗ ಕುಡಗೋಲು ಇತ್ತು. ಸಿಟ್ಟು ಇಳಿಯೂದ್ರಾಗ ಅಂವ ನೆಲಕ್ಕ ಬಿದ್ದಿದ್ದ.' ಶಿವಪುತ್ರಪ್ಪನವರ ತುಟಿಗಳು ನಿಂತುಬಿಟ್ಟವು. ದ್ಯಾಮಣ್ಣ ಒಳಗಿದ್ದದ್ದು ಒಡಹುಟ್ಟಿದ ತಮ್ಮನನ್ನು ಕೊಂದದ್ದಕ್ಕೆ. ಕೋರ್ಟಿನಲ್ಲೂ ಬಾಯಿ ಬಿಡದಿದ್ದವನು ಆ ಖಾಲಿ ಗೆರೆಯ ಮೇಲೆ ಬಾಯಿ ಬಿಟ್ಟಿದ್ದ.

ಹಾಳೆ ತಿದ್ದಿಸಿಕೊಂಡು ಮರಳಿತು. ಆ ಉತ್ತರದ ಮೇಲೆ ಕೆಂಪು ಅಡ್ಡಗೀಟು. ಪಕ್ಕದಲ್ಲಿ, 'ಸರಿಯುತ್ತರ: ಹೊಟ್ಟೆಕಿಚ್ಚಿನಿಂದ. ಪಾಠವನ್ನು ಇನ್ನೊಮ್ಮೆ ಓದಿ.' ಪಾಪ, ಆಕೆಗೆ ಕೊಟ್ಟಿದ್ದ ಮಾದರಿ ಉತ್ತರದಲ್ಲಿ ಹಾಗೆಯೇ ಇತ್ತು. ಆದರೂ ನನಗೆ ಮೈಯೆಲ್ಲ ಉರಿಯಿತು.

ಅಲ್ಲಿಗೆ ದ್ಯಾಮಣ್ಣ ಬರೆಯುವುದನ್ನು ಬಿಟ್ಟ. ಯಾಕೆ ಸುಮ್ಮನಾದಿರಿ, ಹುಷಾರಿಲ್ಲವೇ ಎಂದು ಕರುಣಾಬಾಯಿ ಮತ್ತೆ ಮತ್ತೆ ಬರೆದರು. ಹೀಗೇ ಆದರೆ ಸಂಸ್ಥೆಯವರು ಹೆಸರು ತೆಗೆದುಹಾಕುತ್ತಾರೆ ಎಂದೂ ಬರೆದರು. ಆ ದಾರಿಯೂ ಮುಚ್ಚಿದರೆ ಗೋಡೆಯಾಚೆ ಅವನನ್ನು ನೆನೆಯುವ ಒಂದು ಜೀವವೂ ಉಳಿಯುತ್ತಿರಲಿಲ್ಲ.

ಶಿವಪುತ್ರಪ್ಪ ಅವನನ್ನು ಕರೆಸಿದರು.

"ಅಕ್ಕಾರು ಬರದಾರಪಾ, ತಗೋ."

"ಬ್ಯಾಡ್ರಿ ಸಾಹೇಬ್ರ. ಇಷ್ಟ ದಿನ ಪಾಠದಾಗ ಇದ್ದದ್ದ ಬರದೆ, ಎಲ್ಲಾ ಸರಿ ಅಂದ್ರು. ಒಂದ ಒಂದು ಖರೇ ಮಾತು ಬರದೆ, ಅದಕ್ಕ ಕಾಟ್ ಹೊಡದಾರ."

"ಅವರಿಗೇನ್ ಗೊತ್ತೋ ಹುಚ್ಚಪ್ಪಾ, ಅದು ನಿನ್ನ ಕತಿ ಅಂತ?"

"ಗೊತ್ತಿರೂದು ಯಾಕ್ ಬೇಕ್ರಿ? ಓದಿದ್ರ ಸಾಕಾಗಿತ್ತು."

ಕೈದಿಗಳ ಕಾಗದದಲ್ಲಿ ವಾರ್ಡರ್ ಒಂದಕ್ಷರವನ್ನೂ ಸೇರಿಸುವಂತಿಲ್ಲ. ನಿಯಮದ ಮನುಷ್ಯ ಶಿವಪುತ್ರಪ್ಪ ಸೇರಿಸಲೂ ಇಲ್ಲ. ಅಡ್ಡಗೀಟು ಬಿದ್ದ ಆ ಹಾಳೆಯನ್ನು ದ್ಯಾಮಣ್ಣನಿಂದ ತರಿಸಿಕೊಂಡು, ತಿರುಗಿ ಕಳಿಸಲೇ ಎಂದು ಕೇಳಿದರು. ಅವನು ಬೇಡವೆನ್ನಲಿಲ್ಲ. ಆಗ ನನ್ನನ್ನು ಶಾಯಿಗೆ ಅದ್ದಿ, ಹಾಳೆಯ ನೆತ್ತಿಯ ಮೇಲಲ್ಲ, ಆ ಉತ್ತರದ ಪಕ್ಕದಲ್ಲೇ ಬಲವಾಗಿ ಒತ್ತಿದರು. ಆ ದಿನದಷ್ಟು ಹೆಮ್ಮೆ, ಆ ದಿನದಷ್ಟು ಭಯ ನನಗೆ ಬೇರೆಂದೂ ಆಗಿಲ್ಲ.

ಮರುಟಪಾಲಿಗೇ ಉತ್ತರ ಬಂತು. ಕೆಂಪು ಶಾಯಿಯಿರಲಿಲ್ಲ. 'ದ್ಯಾಮಣ್ಣನವರೇ, ನಾನು ತಿದ್ದಿದೆ, ಓದಲಿಲ್ಲ. ಕ್ಷಮಿಸಿ. ನೀವು ಮಾಡಿದ್ದನ್ನು ನಾನು ಕೇಳುವುದಿಲ್ಲ. ಒಂದೇ ಪ್ರಶ್ನೆಯಿದೆ, ಅದಕ್ಕೆ ನನ್ನ ಬಳಿ ಮಾದರಿ ಉತ್ತರವಿಲ್ಲ. ನಿಮ್ಮ ತಮ್ಮನ ಹೆಸರೇನು?' ಕೆಳಗೊಂದು ಖಾಲಿ ಗೆರೆ. ದ್ಯಾಮಣ್ಣ ಅದನ್ನು ಆಫೀಸಿನ ಕಿಟಕಿಯ ಹತ್ತಿರ ನಿಂತೇ ಓದಿದ. ಮಡಚಿ ಅಂಗಿಯೊಳಗೆ ಇಟ್ಟುಕೊಂಡು ಹೋದ.

ನಾನೀಗ ಸವೆದು ಹೋಗಿದ್ದೇನೆ. ತಾನಾಗಿಯೇ ಶಾಯಿ ಹಚ್ಚಿಕೊಳ್ಳುವ ಹೊಸ ಮೊಹರು ಬಂದಮೇಲೆ ನನ್ನನ್ನು ಡ್ರಾಯರಿಗೆ ತಳ್ಳಿದರು. ಜೈಲಿನೊಳಗೊಂದು ಜೈಲು, ಜೊತೆಗಿರುವುದು ಮುರಿದ ಸ್ಟೇಪ್ಲರ್, ಅದಕ್ಕೂ ಮಾತು ಬರುವುದಿಲ್ಲ. ಶಿವಪುತ್ರಪ್ಪ ನಿವೃತ್ತರಾದರು. ದ್ಯಾಮಣ್ಣ ಪಾಠಗಳನ್ನೆಲ್ಲ ಮುಗಿಸಿ ಸರ್ಟಿಫಿಕೇಟು ಪಡೆದ, ಆದರೂ ಒಳಗೇ ಇದ್ದಾನೆ. ಪಾಠ ಮುಗಿಸಿದವರಿಗೆ ಬಾಗಿಲು ತೆಗೆಯುತ್ತೇವೆಂದು ಯಾರೂ ಹೇಳಿರಲಿಲ್ಲವಲ್ಲ.

ಲೆಕ್ಕವಿಲ್ಲದಷ್ಟು ಕಾಗದಗಳ ಮೇಲೆ ಬಿದ್ದಿದ್ದೇನೆ. ಹೆಚ್ಚಿನವು ಮರೆತೇ ಹೋಗಿವೆ. ಅವನು ಆ ಪ್ರಶ್ನೆಗೆ ಬರೆದು ತಂದ ಹಾಳೆಯನ್ನು ಮಾತ್ರ ಮರೆತಿಲ್ಲ. ಗೆರೆ ಸಾಲದೆ ಹಾಳೆಯ ಬೆನ್ನ ಮೇಲೂ ಬರೆದಿದ್ದ. ಅದರ ಮೊದಲ ಸಾಲು ಹೀಗಿತ್ತು: 'ನಿಂಗರಾಜ. ಅಂವಗ ಸೈಕಲ್ ಹೊಡ್ಯಾಕ ನಾನ ಕಲಿಸಿದ್ದೆ.'