ಪಾಲು ಹಂಚದ ಹೋರಿ

ಬೆಳಿಗ್ಗೆ ಹುಲ್ಲು ಹಾಕಲು ಹೋದ ವಾಗಿರಾ ಕೊಟ್ಟಿಗೆಯ ಬಾಗಿಲಲ್ಲೇ ನಿಂತುಬಿಟ್ಟಳು. ಹಿಂದಿನ ಸಂಜೆ ಮೆಲುಕು ಹಾಕುತ್ತಿದ್ದ ಹೋರಿ ನೆಲಕ್ಕೊರಗಿ ನಡುಗುತ್ತಿತ್ತು. ಮೂಗಿನಿಂದ ಕಪ್ಪು ರಕ್ತ ಒಸರುತ್ತಿತ್ತು. ಕುರ್ಬಾನಿಯ ಬಲಿಹಬ್ಬಕ್ಕೆ ಮಾರಲೆಂದು ಗಂಡ ವಕಿದಿ ಎರಡು ವರ್ಷ ಮೇಯಿಸಿದ್ದ ಹೋರಿ. ವಕಿದಿ ತೀರಿಕೊಂಡು ಇನ್ನೂ ನೂರು ದಿನ ತುಂಬಿರಲಿಲ್ಲ.

ಅವಳು ಪಶು ಇಲಾಖೆಯ ರೆತ್ನೊಗೆ ಫೋನ್ ಮಾಡುವಷ್ಟರಲ್ಲಿ ಊರೇ ಅಂಗಳಕ್ಕೆ ಬಂದಿತ್ತು. ಗುನುಂಗ್‌ಕಿದುಲ್ ಸೀಮೆಯ ಆ ಸುಣ್ಣಕಲ್ಲಿನ ಗುಡ್ಡಗಳಲ್ಲಿ ಒಬ್ಬರ ದನ ಬಿದ್ದರೆ ಎಲ್ಲರೂ ಸೇರಿ ಕೊಯ್ದು, ಮನೆಗೊಂದು ಪಾಲು ಕೊಂಡು, ನಷ್ಟವನ್ನು ಹಂಚಿಕೊಳ್ಳುತ್ತಾರೆ. ಅದಕ್ಕೆ ಬ್ರಾಂದು ಎಂದು ಹೆಸರು. ಎಲ್ಲರಿಗಿಂತ ಮುಂದೆ ಕತ್ತಿ ಹಿಡಿದು ನಿಂತವನು ಪಕ್ಕದ ಮನೆಯ ಪರ್ಜಾನ್.

“ಯು ವಾಗಿರಾ, ದಾರಿ ಬಿಡಕ್ಕಾ. ಉಸಿರಿರೋವಾಗ್ಲೇ ಕತ್ತಿ ಹಾಕ್ಬೇಕು, ಆಮೇಲೆ ಯಾರೂ ತಿನ್ನೋ ಹಾಗಿಲ್ಲ. ನನ್ನ ಹಸು ಬಿದ್ದಾಗ ಅಣ್ಣನ ಹಾಗಿದ್ದ ಕಾಂಗ್ ವಕಿದಿ ತಾನೇ ನಿಂತು ಕೊಯ್ದು ಕೊಟ್ಟ. ಈಗ ನಾನು ಸುಮ್ನೆ ಕೂತ್ರೆ ಮನುಷ್ಯನಾ?”

“ಬು ರೆತ್ನೊ ಮೇಡಂ ಬರ್ಲಿ, ತಾಳೋ.”

ಮೋಟರ್‌ಸೈಕಲ್ ನಿಂತಿತು. ರೆತ್ನೊ ಗವಸು ತೊಡುತ್ತಲೇ ಕೂಗಿದಳು: “ಯಾರೂ ಮುಟ್ಬೇಡಿ! ಮಕ್ಕಳನ್ನ ದೂರ ಕಳ್ಸಿ!”

“ಬಂದ್ರಪ್ಪ ಗವಸಿನ ಮೇಡಂ,” ಎಂದ ಪರ್ಜಾನ್. “ಚೆನ್ನಾಗಿ ಬೇಯಿಸಿದ್ರೆ ಯಾವ ರೋಗ ಉಳಿಯುತ್ತೆ?”

“ಮಾಂಸ ಬೇಯಿಸ್ತೀರಿ. ಕೊಯ್ಯೋ ಕೈನ ಬೇಯಿಸ್ತೀರಾ? ಇದು ಆಂಥ್ರಾಕ್ಸ್ ಇರಬಹುದು, ನೆರಡಿ ರೋಗ. ರಕ್ತ ಹೊರಗೆ ಚೆಲ್ತು ಅಂದ್ರೆ ಕ್ರಿಮಿ ಗಟ್ಟಿ ಬೀಜದ ಹಾಗಾಗುತ್ತೆ. ಸಾರು ಕುದ್ರೂ ಬೇಗ ಸಾಯಲ್ಲ. ಮಣ್ಣಲ್ಲಿ ಹತ್ತಾರು ವರ್ಷ ಇರುತ್ತೆ.”

“ನನ್ನ ಹಸು ಎಲ್ರೂ ತಿಂದ್ವಿ. ಏನಾಯ್ತು?”

“ಎಲ್ರಿಗೂ ತಗಲಲ್ಲ. ತಗಲಿದವರಿಗೆ ಮದ್ದು ತಡವಾದ್ರೆ ಪ್ರಾಣ ಹೋಗುತ್ತೆ. ಅದನ್ನ ಕೊಯ್ದು ತೊಳೆದ ನೀರು ಎಲ್ಲಿಗೆ ಹರೀತು?”

ಪರ್ಜಾನ್ ತನ್ನ ಅಂಗಳದ ಕಡೆ ತಿರುಗಿದ. ಅಲ್ಲಿಂದ ಕೆಳಗಿಳಿಯುವ ಇಳಿಜಾರು ಎಲ್ಲರಿಗೂ ಕಾಣುತ್ತಿತ್ತು. ಅದರ ಬುಡದಲ್ಲಿ ವಾಗಿರಾಳ ಹಿತ್ತಲು: ಎರಡು ಮಡಿ ಸೊಪ್ಪು, ಬದುವಿನುದ್ದಕ್ಕೂ ಆನೆಹುಲ್ಲು.

“ಹುಲ್ಲು ಒಣಗಿ ಮೋಟಾಗಿತ್ತು,” ಎಂದಳು ವಾಗಿರಾ ಮೆಲ್ಲಗೆ. “ಬೇರು ಮಣ್ಣು ಸಮೇತ ಕಿತ್ತು ಹೋರಿಗೆ ಹಾಕ್ದೆ.”

“ಲಸಿಕೆ ಹಾಕ್ಸಿದ್ರಾ, ಯು?”

“ಬಚ್ಚಿಟ್ಟೆ, ಬು. ನೀವು ಬಂದ ದಿನ ತೇಗದ ತೋಪಲ್ಲಿ ಕಟ್ಟಿ ಬಂದೆ. ಚುಚ್ಚಿಸಿದ್ರೆ ಹಬ್ಬದ ಹೊತ್ತಿಗೆ ಸೊರಗುತ್ತೆ ಅಂದ್ಕೊಂಡೆ.”

ಅವಳ ಕಣ್ಣು ಪರ್ಜಾನನ ಕೈಯ ಕತ್ತಿಯ ಮೇಲೆ ನೆಟ್ಟಿತು. ಹಿಡಿಗೆ ಸುತ್ತಿದ ಕೆಂಪು ಬಟ್ಟೆ ಅವಳೇ ಸುತ್ತಿದ್ದು. “ಅದು ನಮ್ಮನೆಯವರ ಕತ್ತಿ ಅಲ್ವಾ?”

“ಹೂಂ. ಅವತ್ತು ನಮ್ಮನೇಲೇ ಉಳೀತು.”

“ಕೊಯ್ದು ಬಂದ ನಾಲ್ಕನೇ ದಿನ ಅವರ ಬೆರಳ ಮೇಲೆ ಹುಣ್ಣಾಯ್ತು. ನಡುವೆ ಇದ್ದಿಲಿನ ಹಾಗೆ ಕಪ್ಪು. ಹುಳ ಕಚ್ಚಿದೆ ಅಂತ ಅರಿಶಿನ ಹಚ್ದೆ.”

“ನೋಯ್ತಿತ್ತಾ?” ರೆತ್ನೊಳ ದನಿ ತಗ್ಗಿತು.

“ಇಲ್ಲ. ಅದಕ್ಕೇ ಹೆದರ್ಲಿಲ್ಲ. ಆಸ್ಪತ್ರೆಗೆ ಹೋಗೋ ಹೊತ್ತಿಗೆ ರಕ್ತವೆಲ್ಲ ನಂಜಾಗಿತ್ತು.”

ಪರ್ಜಾನ್ ಕತ್ತಿಯ ಕಡೆ ನೋಡಿದ. “ಹಾಗಾದ್ರೆ ಕಾಂಗ್‌ನ… ನಾನೇ…”

“ನಿನಗೂ ಗೊತ್ತಿರ್ಲಿಲ್ಲ, ನನಗೂ ಗೊತ್ತಿರ್ಲಿಲ್ಲ,” ಎಂದಳು ವಾಗಿರಾ. “ಈಗ ಗೊತ್ತಾಯ್ತಲ್ಲ. ಕತ್ತಿ ಕೆಳಗಿಡು.”

ಅವನು ಇಟ್ಟ. ಸ್ವಲ್ಪ ಹೊತ್ತಿಗೆ ಹೋರಿಯ ಉಸಿರು ನಿಂತಿತು. ಯಾರೂ ಮುಂದೆ ಬರಲಿಲ್ಲ.

ಇಲಾಖೆಯವರು ಬಂದು ಪರೀಕ್ಷೆಗೆ ರಕ್ತದ ಮಾದರಿ ಪಡೆದು, ಕೊಟ್ಟಿಗೆಯ ಪಕ್ಕದಲ್ಲೇ ಆಳುದ್ದಕ್ಕಿಂತ ಆಳದ ಗುಂಡಿ ತೋಡಿ, ಹೋರಿಯ ಮೇಲೂ ಕೆಳಗೂ ಸುಣ್ಣ ಸುರಿದು ಹೂಳಿದರು. ಕತ್ತಿಯೂ ಅದೇ ಗುಂಡಿಗೆ ಹೋಯಿತು. ಸೊಪ್ಪಿನ ಮಡಿಗೂ ಹುಲ್ಲಿನ ಬದುವಿಗೂ ಬೇಲಿ ಬಿತ್ತು. ಅಲ್ಲಿ ಇನ್ನು ಗುದ್ದಲಿ ಹಾಕುವಂತಿಲ್ಲ. ಮೂರನೆಯ ದಿನ ಬಂದ ವರದಿಯಲ್ಲಿ ಆಂಥ್ರಾಕ್ಸ್ ಎಂದೇ ಇತ್ತು. ಊರಿನ ಉಳಿದ ದನಗಳಿಗೆಲ್ಲ ಲಸಿಕೆಯಾಯಿತು. ಈ ಬಾರಿ ಯಾರೂ ಬಚ್ಚಿಡಲಿಲ್ಲ.

ಲಸಿಕೆ ಮುಗಿದ ದಿನ ಸಂಜೆ ಪರ್ಜಾನ್ ವಾಗಿರಾಳ ಬಾಗಿಲಿಗೆ ಬಂದ. ಅವನ ಹಿಂದೆ ಊರಿನವರು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಬುಟ್ಟಿ: ಒಣ ಮರಗೆಣಸು, ಜೋಳ, ತಮ್ಮ ಹಿತ್ತಲ ಸೊಪ್ಪು.

“ಬ್ರಾಂದು, ಯು,” ಎಂದ ಅವನು ತಲೆಯೆತ್ತದೆ. “ಮಾಂಸ ಇಲ್ಲದ್ದು.”

ಬಂಧುಗಳೇ, ದನ ಹಠಾತ್ತನೆ ಬಿದ್ದರೆ ಕೊಯ್ಯಬೇಡಿ, ಎಳೆಯಬೇಡಿ, ತಿನ್ನಬೇಡಿ. ಮೊದಲು ಪಶುವೈದ್ಯರಿಗೆ ತಿಳಿಸಿ. ಮೇವನ್ನು ಬೇರುಸಹಿತ ಕೀಳದೆ ನೆಲದಿಂದ ಗೇಣುದ್ದ ಬಿಟ್ಟು ಕೊಯ್ಯಿರಿ. ವರ್ಷಕ್ಕೊಮ್ಮೆ ಲಸಿಕೆ ಹಾಕಿಸಿ. ಮೈಮೇಲೆ ನೋವಿಲ್ಲದ ಕಪ್ಪು ಹುಣ್ಣು ಕಂಡರೆ ಆ ದಿನವೇ ಆಸ್ಪತ್ರೆಗೆ ಹೋಗಿ, ದನ ಮುಟ್ಟಿದ್ದನ್ನು ಹೇಳಿ. ವಕಿದಿಗೆ ಇದನ್ನು ಹೇಳುವವರು ಇರಲಿಲ್ಲ. ನಿಮಗೆ ಈಗ ತಿಳಿದಿದೆ.