ನನ್ನ ಬಾಯಲ್ಲಿ ಸತ್ತ ಅಕ್ಕ

"ಥೂ, ಅಕ್ಕನ ಹೆಣ ತೋರ್ಸಿ ಮುದ್ದೆ ತಿನ್ನೋನೇ! ಇನ್ನೂ ಎಷ್ಟು ದಿನ ಸಾಯಿಸ್ತೀಯ ಅವ್ಳ?"

ಹುಣಸೂರಿನ ಸಿನಿಮಾ ಟೆಂಟಿನ ಬಾಗಿಲಲ್ಲಿ, ಆಟ ಮುಗಿದು ಹೊರಬರುತ್ತಿದ್ದ ಇನ್ನೂರು ಜನರೆದುರು ನಮ್ಮ ಕುಲದ ಯಜಮಾನ ಚಲುವಯ್ಯ ನನಗೆ ಹೇಳಿದ ಮಾತಿದು. ಹೇಳಿದವನೇ ಹೆಗಲ ವಸ್ತ್ರವನ್ನು ಸೊಂಟಕ್ಕೆ ಬಿಗಿದುಕೊಂಡು ಲಕ್ಷ್ಮಣತೀರ್ಥ ಹೊಳೆಗಿಳಿದ. ಹಿಂದೆಯೇ ನಮ್ಮೂರಿನ ಹದಿನೆಂಟು ಜನ ನೆಂಟರು. ಎಲ್ಲರೂ ಉಟ್ಟ ಬಟ್ಟೆಯಲ್ಲೇ ಮುಳುಗಿ ಎದ್ದರು. ಸಾವಿನ ಸ್ನಾನ. ಆ ವಾರದಲ್ಲಿ ಅದು ಐದನೆಯದು. ಸತ್ತವಳು ಮಾತ್ರ ಒಬ್ಬಳೇ, ಅವಳೂ ಸತ್ತಿರಲಿಲ್ಲ.

ನಾನು ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರ ಬೆತ್ತ ಮುರಿದು ಕೊಡಗಿನ ಕಾಫಿ ತೋಟಕ್ಕೆ ಓಡಿಹೋದವನು. ಅಲ್ಲಿ ತಮಿಳು ಆಳುಗಳ ಜೊತೆ ಆರು ವರ್ಷ ದುಡಿದು ತಮಿಳು ಕಲಿತೆ. ಟೆಂಟಿನ ಮಾಲೀಕ ಜಾನ್ ಪಾಷಾ ಸಾಹೇಬರು ನನ್ನನ್ನು ಇಟ್ಟುಕೊಂಡದ್ದು ಅದಕ್ಕೇ. ತಮಿಳು ಟಾಕಿ ಬಂದಾಗ ಪರದೆಯ ಪಕ್ಕ ತಗಡಿನ ತುತ್ತೂರಿ ಹಿಡಿದು ನಿಂತು, ಅಲ್ಲಿ ಆಡಿದ ಮಾತನ್ನೆಲ್ಲ ಕನ್ನಡದಲ್ಲಿ ಕೂಗಬೇಕು. ನಾಯಕನೂ ನಾನೇ, ಅವನ ಅತ್ತೆಯೂ ನಾನೇ.

ಈ ಸಲ ಬಂದದ್ದು ನಮ್ಮಕ್ಕ ಸುನಂದಮ್ಮನ ಟಾಕಿ. ಹದಿನಾರನೇ ವಯಸ್ಸಿಗೆ ನಾಟಕದ ಕಂಪನಿ ಸೇರಿ, ಅಲ್ಲಿಂದ ಮದರಾಸು ಮುಟ್ಟಿದವಳು. ಟಾಕಿಯಲ್ಲೂ ಅವಳದು ನಟಿಯ ಪಾರ್ಟೇ. ಕಂಪನಿಯವನು ಹೊಟ್ಟೆಗೆ ಹಾಕದೆ ಕುಣಿಸುತ್ತಾನೆ. ತಾಳಿ ಕಟ್ಟುತ್ತೇನೆಂದವನು ಹಾರ್ಮೋನಿಯಂ ಎತ್ತಿಕೊಂಡು ಓಡಿಹೋಗುತ್ತಾನೆ. ಒಳಗೆ ಕೂಸು ಜ್ವರದಲ್ಲಿ ನರಳುತ್ತಿದ್ದರೆ ಇವಳು ಹೊರಗೆ ನಗೆಯ ಹಾಡು ಹೇಳಬೇಕು. ಕೊನೆಗೆ ರಂಗದ ಮೇಲೆಯೇ ಕೆಮ್ಮಿ ಕೆಮ್ಮಿ ಪ್ರಾಣ ಬಿಡುತ್ತಾಳೆ. ಟಾಕಿಯೊಳಗಿನ ಜನ ಅದನ್ನು ನಟನೆ ಎಂದುಕೊಂಡು ಚಪ್ಪಾಳೆ ಹೊಡೆಯುತ್ತಾರೆ.

ಏಳು ವರ್ಷದಿಂದ ನಾನು ಅವಳ ಮುಖ ಕಂಡಿರಲಿಲ್ಲ. ಮೊದಲನೇ ದಿನ, ಆ ಮುಖ ಟೆಂಟಿನಷ್ಟು ದೊಡ್ಡದಾಗಿ ಕಣ್ಣು ಮುಚ್ಚಿದಾಗ, ಹೇಳಬೇಕಾದ ಮಾತು ಮರೆತು ತುತ್ತೂರಿಯಲ್ಲಿ ಕೂಗಿಬಿಟ್ಟೆ: "ನಮ್ಮಕ್ಕ ಸತ್ತೋದ್ಲು ಕಣ್ರಪ್ಪೋ!"

ಟೆಂಟೇ ಅತ್ತಿತು. ಜಾನ್ ಪಾಷಾ ಸಾಹೇಬರು ನನ್ನ ಬೆನ್ನು ತಟ್ಟಿ, "ಬಹುತ್ ಅಚ್ಛಾ! ದಿನಾ ಹಿಂಗೇ ಹೇಳಬೇಕು ನೋಡು" ಅಂದರು. ಹೇಳಿದೆ. ತಪ್ಪು ಆಗಿದ್ದು ಅಲ್ಲೇ.

ನಮ್ಮವರಲ್ಲಿ ಒಡಹುಟ್ಟಿದವನು ಹತ್ತು ಜನರ ಮುಂದೆ ಬಾಯಿ ಬಿಟ್ಟು ಹೇಳಿದರೆ ಸಾವು ಖಾಯಂ. ಕೇಳಿಸಿಕೊಂಡ ನೆಂಟರು ಮೀಯಬೇಕು, ಮನೆಗೆ ಹನ್ನೊಂದು ದಿನ ಸೂತಕ. ನಾನು ದಿನಾ ಹೇಳುತ್ತಿದ್ದೆನಾದ್ದರಿಂದ ಹನ್ನೊಂದು ದಿನದ ಲೆಕ್ಕ ದಿನಾ ಮೊದಲಿನಿಂದ ಶುರುವಾಗುತ್ತಿತ್ತು. ನಮ್ಮವ್ವ ರುಕ್ಮಿಣಮ್ಮ ಬಾವಿಗೆ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಸರಿಯುತ್ತಿದ್ದರು.

"ಅದು ಬರೀ ಬೆಳಕು ಕಣ್ರೀ ಯಜಮಾನ್ರೇ, ಬಟ್ಟೆ ಮೇಲೆ ಬೀಳೋ ಬೆಳಕು" ಎಂದೆ ನಾನು, ಚಲುವಯ್ಯ ಹೊಳೆಯಿಂದ ಎದ್ದು ಬಂದಾಗ.

"ನಂಗೇನು ಗೊತ್ತಿಲ್ವಾ? ನಾನೇನು ದಡ್ಡನಾ?" ಚಲುವಯ್ಯ ರೇಗಿದ. "ಬಟ್ಟೆ ಸುಳ್ಳು, ಬೆಳಕು ಸುಳ್ಳು, ಒಪ್ದೆ. ನಿನ್ ಬಾಯಿ? ಅದೂ ಸುಳ್ಳಾ?"

"ಅಂಗಾದ್ರೆ ನೀವು ಬರ್ಬೇಡಿ. ಕೇಳುಸ್ಕೊಂಡ್ರೆ ತಾನೇ ಮೀಯೋದು?"

"ನಾನ್ ಬರ್ಲಿಲ್ಲ ಅಂದ್ರೆ, ಇವತ್ತು ಸತ್ಳೋ ಇಲ್ವೋ ಗೊತ್ತಾಗೋದು ಎಂಗ್ಲಾ?"

ಇಂಥವನ ಜೊತೆ ಏನು ಮಾತಾಡುವುದು!

ಅಷ್ಟರಲ್ಲಿ ಅಕ್ಕನ ಕಾಗದ ಬಂತು. ಸ್ಟುಡಿಯೋ ದೀಪಗಳ ಮುಂದೆ ನಿಂತು ನಿಂತು ಕಣ್ಣು ಮಂಜಾಗಿದೆ, ಕಂಪನಿ ಬೇರೆ ಹುಡುಗಿಯನ್ನು ತಂದಿದೆ, ಇನ್ನು ಅವ್ವನ ಜೊತೆಗೇ ಇರುತ್ತೇನೆ, ಶುಕ್ರವಾರ ಬರುತ್ತೇನೆ ಎಂದು ಬರೆದಿದ್ದಳು. ಅವ್ವ ಅದನ್ನು ಎರಡು ಸಲ ಓದಿಸಿ, ಸೆರಗಿನಲ್ಲಿ ಕಟ್ಟಿಕೊಂಡು, "ಒಳಕ್ಕೆ ಬುಡ್ತಾರೇನ್ಲಾ ಬಸವ?" ಎಂದು ಕೇಳಿದಳು. ನನಗೆ ಬೇಕಿದ್ದದ್ದೂ ಅದೊಂದೇ. ಅಕ್ಕ ನಮ್ಮ ಹೊಸಿಲು ದಾಟಬೇಕು.

ಚಲುವಯ್ಯನ ಜಗಲಿಗೆ ಹೋದೆ. ಅವನು ಕಾಗದವನ್ನು ದೂರದಿಂದಲೇ ನೋಡಿದ.

"ಸತ್ತೋಳು ಬರ್ದವ್ಳೆ. ಬರೀಲಿ. ಒಸ್ಲು ದಾಟಂಗಿಲ್ಲ. ಒಂದೇ ದಾರಿ ಅದೆ. ಯಾವ ಜಾಗ್ದಲ್ಲಿ ಯಾವ ಜನದ ಮುಂದೆ ಸತ್ಳು ಅಂದ್ಯೋ, ಅದೇ ಜಾಗ್ದಲ್ಲಿ ಅದೇ ಜನದ ಮುಂದೆ ಬದುಕವ್ಳೆ ಅನ್ನು. ಸೂತಕ ತೆಗೀತೀನಿ."

ಇಷ್ಟೇ ತಾನೇ ಎಂದುಕೊಂಡೆ.

ಶುಕ್ರವಾರ ಮೊದಲನೇ ಆಟ. ಪರದೆಯ ಮೇಲೆ ಅಕ್ಕ ಕೆಮ್ಮಿದಳು, ಬಿದ್ದಳು, ಕಣ್ಣು ಮುಚ್ಚಿದಳು. ನಾನು ತುತ್ತೂರಿ ಎತ್ತಿ, "ಸತ್ತಿಲ್ಲ! ನಿದ್ದೆ ಬಂದದೆ!" ಎಂದೆ. ಅಷ್ಟರಲ್ಲಿ ಟಾಕಿಯವರು ಚಟ್ಟ ತಂದರು. "ನಿದ್ದೇಲೇ ಒತ್ಕೊಂಡು ಓಯ್ತಾವ್ರೆ! ಗಾಳಿ ಆಡ್ಲಿ ಅಂತ!"

ನೆಲದ ಮೇಲೆ ಕೂತವರೆಲ್ಲ ಎದ್ದು ನಿಂತರು. ಗುರುಪುರದ ಮುದುಕಿಯೊಬ್ಬಳು, "ಏಯ್, ಸಾಯ್ಸೋ! ಅಳಾದಿಕ್ಕೆ ಅಂತ್ಲೇ ಗಾಡಿ ಕಟ್ಕೊಂಡು ಬಂದಿವ್ನಿ!" ಎಂದು ಮರಳು ತೂರಿದಳು. ಜಾನ್ ಪಾಷಾ ಸಾಹೇಬರು ಓಡಿಬಂದು ನನ್ನ ಅಂಗಿ ಹಿಡಿದರು. "ಬಸವಾ, ನಿನ್ನ ಕಾಲಿಗೆ ಬೀಳ್ತೀನಿ, ಆ ಹೆಣ್ಣುಮಗಳನ್ನ ಸಾಯಿಸಿಬಿಡಪ್ಪಾ!"

"ಸಾಯ್ಸಕ್ಕಿಲ್ಲ ಓಗ್ರೀ!"

ಆ ಗಲಾಟೆಯ ನಡುವೆ ಹೆಂಗಸೊಬ್ಬಳು ತಗಡಿನ ಟ್ರಂಕು ಹಿಡಿದು ಜನರನ್ನು ತಳ್ಳಿಕೊಂಡು ಮುಂದೆ ಬಂದಳು. ಮೈಸೂರಿನ ಇದ್ದಿಲು ಬಸ್ಸಿನ ಮಸಿ ಮುಖಕ್ಕೆಲ್ಲ ಮೆತ್ತಿತ್ತು. ಟ್ರಂಕನ್ನು ನನ್ನ ಪಕ್ಕ ಇಟ್ಟು, ಪರದೆಯ ಮುಂದೆ ನಿಂತು, "ಇಲ್ಲಿವ್ನಿ ಕಣ್ರಪ್ಪಾ! ನಾನೇ ಸುನಂದ! ಬದುಕಿವ್ನಿ!" ಎಂದು ಕೂಗಿದಳು. ಬಸ್ಸಿಳಿದಲ್ಲೇ ತನ್ನ ಸಾವಿನ ಸುದ್ದಿ ಕೇಳಿ ನೇರ ಇಲ್ಲಿಗೇ ಬಂದಿದ್ದಳು.

ಅವಳದೇ ಹೆಣ ಅವಳ ಸೀರೆಯ ಮೇಲೆ ಅಲ್ಲಾಡುತ್ತಾ ಸಾಗುತ್ತಿತ್ತು.

"ಕೂತ್ಕಳಮ್ಮೋ, ಕಾಣಕ್ಕಿಲ್ಲ!" ಎಂದಿತು ಜನ.

"ಆಯಮ್ಮ ಎಲ್ಲಿ, ಇವ್ಳೆಲ್ಲಿ! ಬಣ್ಣ ನೋಡು" ಎಂದಳು ಮುದುಕಿ.

ಟಾಕಿಯ ಎಂಜಿನ್ ನಿಲ್ಲಿಸಿ ಗ್ಯಾಸ್‌ಲೈಟ್ ತಂದರು. ಚಲುವಯ್ಯ ಬೆಂಚಿನಿಂದ ಎದ್ದು, ಅಕ್ಕನ ಸುತ್ತ ಒಂದು ಸುತ್ತು ಬಂದ. ಎತ್ತು ಕೊಳ್ಳುವವನ ಹಾಗೆ.

"ಮೊಕ ಅಂಗೇ ಅದೆ. ಆದ್ರೆ ಮಸಿ ಬಳ್ಕೊಂಡು ಯಾರ್ ಬೇಕಾರೂ ಬರ್ಬೋದು. ಸುನಂದನೇ ಆಗಿದ್ರೆ ಅವ್ಳು ಸತ್ತಂಗೆ ಸತ್ತು ತೋರ್ಸು. ಅದು ಬ್ಯಾರೆಯೋರ್ಗೆ ಬರಾಕಿಲ್ಲ."

"ಮಾಡ್ಬ್ಯಾಡ ಕಣಕ್ಕಾ!" ಎಂದೆ.

ಅಕ್ಕ ನನ್ನನ್ನು ನೋಡಿದಳು. "ಅವ್ವ ಎಂಗವ್ಳೆ?" ಎಂದಷ್ಟೇ ಕೇಳಿ, ಸೆರಗು ಬಿಗಿದುಕೊಂಡಳು.

ಕೆಮ್ಮಿದಳು. ಮೊದಲು ಸಣ್ಣಗೆ, ನಗು ತಡೆದವಳ ಹಾಗೆ. ಆಮೇಲೆ ಪಕ್ಕೆಯಿಂದ. ಮಂಜುಗಣ್ಣಿನಿಂದ ಯಾರನ್ನೋ ಹುಡುಕಿದಳು, ಸಿಗಲಿಲ್ಲ. ಮೊಣಕಾಲೂರಿ ಮರಳಿಗೆ ಒರಗಿ ಸುಮ್ಮನಾದಳು. ಪರದೆಯ ಮೇಲಿನದು ಇದರ ಕಾಲುಭಾಗವೂ ಇರಲಿಲ್ಲ. ಮುದುಕಿ ಎದೆ ಬಡಿದುಕೊಂಡು ಅತ್ತಳು. ನೆಂಟರಲ್ಲಿ ಎಂಟು ಜನ ಎದ್ದು, ಅಳುತ್ತಲೇ ಹೊಳೆಯ ಕಡೆ ನಡೆದರು. ಜಾನ್ ಪಾಷಾ ಸಾಹೇಬರು, "ನಾಳೆಯಿಂದ ಟಾಕಿ ಬೇಡ, ಇದನ್ನೇ ಹಾಕೋಣ" ಎಂದರು, ಕಣ್ಣು ಒರೆಸಿಕೊಂಡು.

ಅಕ್ಕ ಎದ್ದು ಕೂತು ಬಾಯಿಗೆ ಹೋದ ಮರಳನ್ನು ಉಗಿದಳು. "ಒಪ್ಪುದ್ರಾ?"

"ಸುನಂದನೇ" ಎಂದ ಚಲುವಯ್ಯ, ಮೂಗು ಸೀನಿ. "ಅನುಮಾನ್ವೇ ಇಲ್ಲ. ಪಾಪ, ಎಂಥಾ ಸಾವು!" ಆಮೇಲೆ ನನ್ನ ಕಡೆ ತಿರುಗಿದ. "ಈಗ ನೀನೇಳು ಬಸವರಾಜು. ಎಲ್ರೂ ಅವ್ರೆ. ನಿಮ್ಮಕ್ಕ ಸತ್ಳೋ, ಬದುಕವ್ಳೋ?"

ಇನ್ನೂರು ಮುಖ ನನ್ನನ್ನೇ ನೋಡುತ್ತಿದ್ದವು. ಅವಳು ಅವರ ಮುಂದೆಯೇ ಕೂತು ತಲೆಯ ಮರಳು ಕೊಡವುತ್ತಿದ್ದಳು. ಕೆಮ್ಮುತ್ತಿದ್ದಳು, ಈ ಸಲ ನಿಜವಾಗಿ. ಇದಕ್ಕೂ ನನ್ನ ಬಾಯಿ ಬೇಕಾಗಿತ್ತು ಇವರಿಗೆ.

ಟ್ರಂಕನ್ನು ತಲೆಯ ಮೇಲಿಟ್ಟುಕೊಂಡೆ. ಅಕ್ಕನ ರಟ್ಟೆ ಹಿಡಿದು ಎಬ್ಬಿಸಿದೆ. "ಬಾಯಿ ಬುಡ್ಲಾ!" ಎಂದು ಚಲುವಯ್ಯ ಹಿಂದಿನಿಂದ ಕೂಗುತ್ತಲೇ ಇದ್ದ. ನಾವು ಅವ್ವನ ಹೊಸಿಲಿನ ಕಡೆಗೆ, ಊರಿನ ದಾರಿ ಹಿಡಿದೆವು.